ಗೌರಮ್ಮನ ಗಂಟು ತುಮಕೂರಿಗೆ ಹೋದದ್ದು

ಮನೆ ಸಾಮಾನು ಸಾಗಿಸುವ ಕೆಲಸದಲ್ಲಿ ಎಲ್ಲಕ್ಕಿಂತ ಭಾರವಾದದ್ದು ಯಾವುದು ಅಂತ ಕೊಳ್ಳೇಗಾಲದ ಟೆಂಪೋ ಸ್ಟ್ಯಾಂಡಿನಲ್ಲಿ ಹೊಸದಾಗಿ ಗಾಡಿ ತಂದು ನಿಲ್ಲಿಸಿರುವವರನ್ನು ಕೇಳಿ ನೋಡಿ. ಒಬ್ಬ ಕಬ್ಬಿಣದ ಬೀರು ಅನ್ನುತ್ತಾನೆ, ಇನ್ನೊಬ್ಬ ರುಬ್ಬುವ ಕಲ್ಲು ಅನ್ನುತ್ತಾನೆ. ಎರಡೂ ತಪ್ಪು. ಬೀರು ಎಷ್ಟೇ ಭಾರವಿದ್ದರೂ ನಾಲ್ಕು ಜನ ಹೆಗಲು ಕೊಟ್ಟರೆ ಎದ್ದು ಬರುತ್ತದೆ. ಮನೆಯ ಹಿರಿಯಮ್ಮ ಹೊಸ್ತಿಲ ಮೇಲೆ ಕೂತು ‘ಇವತ್ತು ದಿನ ಸರಿಯಾಗಿಲ್ಲ’ ಅಂದುಬಿಟ್ಟರೆ ಊರಿಗೆ ಊರೇ ಬಂದು ಹಿಡಿದರೂ ಆ ಸಂಸಾರ ಅಲ್ಲಾಡುವುದಿಲ್ಲ.

ನಾನು ಮಾದೇಶ. ಮೊದಲು ನಂಜಪ್ಪ ಧಣಿಗಳ ಲಾರಿಗೆ ಡ್ರೈವರ್ ಆಗಿದ್ದೆ, ಆಮೇಲೆ ನನ್ನದೇ ಒಂದು ಮಿನಿ ಲಾರಿ ಮಾಡಿಕೊಂಡೆ. ಕಾಲಿನ ಮಂಡಿಗಳು ಮುಷ್ಕರ ಹೂಡಿದ್ದರಿಂದ ಹೋದ ವರ್ಷ ಅದನ್ನೂ ಮಾರಿದೆ. ರಾಗಿ, ಗೊಬ್ಬರ, ಇಟ್ಟಿಗೆ ಎಲ್ಲವನ್ನೂ ಹೊತ್ತಿದ್ದೇನೆ, ಆದರೆ ನನಗೆ ಹೆಸರು ತಂದದ್ದು ಮನೆ ಸಾಗಿಸುವ ಕೆಲಸ. ವರ್ಗಾವಣೆಯಾದವರು, ಹೊಸ ಕೆಲಸ ಸಿಕ್ಕಿ ದೂರದ ಊರಿಗೆ ಹೊರಟವರು ಎಲ್ಲರೂ ‘ಮಾದೇಶನ ಗಾಡೀನೇ ಬರ್ಲಿ’ ಅನ್ನುತ್ತಿದ್ದರು. ಸ್ಟ್ಯಾಂಡಿನ ಹೊಸಬರು ಇದರಲ್ಲೇನು ಕಲಿಯುವುದಿದೆ, ಹೇರು, ಹಗ್ಗ ಬಿಗಿ, ಓಡಿಸು ಅಂತಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಓದುತ್ತಾರೆ ಅನ್ನುವ ನಂಬಿಕೆಯಿಲ್ಲ.

ನಂಜಪ್ಪ ಧಣಿಗಳು ಕೆಲಸವನ್ನು ಹೇಳಿಕೊಡುತ್ತಿರಲಿಲ್ಲ. ಕೆಡಿಸಿಕೊಂಡು ಬಂದ ಮೇಲೆ ಬೈಯುತ್ತಿದ್ದರು, ಅದೇ ಅವರ ಪಾಠ. ಮೊದಲನೆಯ ಪಾಠ ಯಳಂದೂರಿನಿಂದ ಹನೂರಿಗೆ ವರ್ಗವಾದ ಒಬ್ಬ ಮೇಷ್ಟರ ಮನೆಯದು. ನಾನು ಅಡುಗೆಮನೆ ಹತ್ತಿರದಲ್ಲಿದೆ ಅಂತ ಒಲೆ, ಸಿಲಿಂಡರು, ಪಾತ್ರೆಯ ಮೂಟೆಗಳನ್ನೇ ಮೊದಲು ಹೇರಿದೆ. ಅದರ ಮೇಲೆ ಬೀರು, ಮಂಚ, ಮೇಷ್ಟರ ಪುಸ್ತಕದ ಮೂಟೆಗಳು. ಹನೂರು ಮುಟ್ಟಿದಾಗ ಒಳ್ಳೆಯ ಗಳಿಗೆ ಇನ್ನೇನು ಮುಗಿಯುವುದರಲ್ಲಿತ್ತು. ಮೇಷ್ಟರ ಹೆಂಡತಿ ಹಾಲಿನ ಪಾತ್ರೆ ಹಿಡಿದು ಹೊಸ್ತಿಲಲ್ಲಿ ನಿಂತಿದ್ದಾರೆ, ಉಕ್ಕಿಸಬೇಕಾದ ಒಲೆ ಇಡೀ ಸಂಸಾರದ ಅಡಿಯಲ್ಲಿ ಮಲಗಿದೆ. ಕೊನೆಗೆ ಪಕ್ಕದ ಮನೆಯವರು ಕರುಣೆ ತೋರಿ ತಮ್ಮ ಒಲೆಯ ಮೇಲೆ ಉಕ್ಕಿಸಿಕೊಟ್ಟರು. ಆ ವರ್ಷವೇ ಪಕ್ಕದ ಮನೆಯ ಮಗನಿಗೆ ಸರ್ಕಾರಿ ಕೆಲಸ ಸಿಕ್ಕಿತು. ‘ಹಾಲು ಉಕ್ಕಿದ್ದು ಅವರ ಮನೇಲಿ, ಭಾಗ್ಯಾನೂ ಅವರಿಗೇ ಹೋಯ್ತು’ ಅಂತ ಮೇಷ್ಟರ ಹೆಂಡತಿ ಆಮೇಲೆ ಎಲ್ಲಿ ಕಂಡರೂ ನನ್ನಿಂದ ಮುಖ ತಿರುಗಿಸುತ್ತಿದ್ದರು.

ಧಣಿಗಳಿಗೆ ಸುದ್ದಿ ಮುಟ್ಟಿತು. “ಲೇ ಮಾದೇಸ, ಅಡ್ಗೆಮನೆ ಕಡೀಕ್ ಏರ್ಬೇಕು, ಮೊದ್ಲು ಇಳೀಬೇಕು ಕಣ್ಲಾ. ಒಟ್ಟೆ ಇರೋರ್ಗೆಲ್ಲ ಗೊತ್ತಿರೋ ವಿಸ್ಯ, ನಿಂಗ್ ಒಟ್ಟೆ ಇಲ್ವೇನ್ಲಾ?” ಅಂದರು. ಇದ್ದದ್ದೇ ಹೊಟ್ಟೆಯೊಂದು ಅಂತ ಹೇಳಬೇಕೆನ್ನಿಸಿತು, ಹೇಳಲಿಲ್ಲ.

ಇನ್ನೊಂದು, ಮಂಚದ ಕಥೆ. ಹನೂರಿನಲ್ಲೇ ಒಬ್ಬ ಗುಮಾಸ್ತರು ಬಡಗಿಯನ್ನು ಮನೆಗೇ ಕರೆಸಿ, ಕೋಣೆಯೊಳಗೇ ಕೂರಿಸಿ ಬೀಟೆ ಮರದ ಮಂಚ ಮಾಡಿಸಿದ್ದರು. ಮಂಚ ಹುಟ್ಟಿದ್ದು ಒಳಗೆ, ಬಾಗಿಲು ಅದಕ್ಕಿಂತ ಚಿಕ್ಕದು. ವರ್ಗವಾದಾಗ ನಾವು ಅದನ್ನು ನಿಲ್ಲಿಸಿದೆವು, ಮಲಗಿಸಿದೆವು, ಓರೆ ಮಾಡಿದೆವು, ದೇವರಿಗೆ ಕೈಮುಗಿದೂ ನೋಡಿದೆವು. ಬಡಗಿ ಎಂಥ ನಿಷ್ಠಾವಂತನೋ, ಒಂದು ಕೀಲೂ ಬಿಚ್ಚಲಿಲ್ಲ. ಬಾಗಿಲಿನ ಚೌಕಟ್ಟು ಕೀಳಲು ಮನೆ ಓನರ್ ಒಪ್ಪಲಿಲ್ಲ. ಗುಮಾಸ್ತರು ಕಣ್ಣೀರು ಹಾಕಿಕೊಂಡು ಮಂಚ ಬಿಟ್ಟು ಹೋದರು. ಈಗಲೂ ಆ ಮನೆ ಬಾಡಿಗೆಗೆ ಬಂದಾಗ ‘ಎರಡು ರೂಮು, ನಲ್ಲಿ ನೀರು, ಮಂಚ’ ಅಂತಲೇ ಹೇಳುತ್ತಾರೆ.

ಆ ಕಾಲದಲ್ಲಿ ಪಾತ್ರೆ, ಗಾಜು ಕಟ್ಟಲು ಯಳಂದೂರು ಕಡೆಯ ಭತ್ತದ ಹುಲ್ಲು, ಗೋಣಿಚೀಲ, ಹಳೆ ಸೀರೆ ಇಷ್ಟೇ. ಈಗ ರಟ್ಟಿನ ಡಬ್ಬ ಬಂದಿದೆ, ಗುಳ್ಳೆ ಗುಳ್ಳೆ ಪ್ಲಾಸ್ಟಿಕ್ ಬಂದಿದೆ. ಕೆಲಸದವರು ಅರ್ಧ ಹೊತ್ತು ಆ ಗುಳ್ಳೆ ಒಡೆಯುವುದರಲ್ಲೇ ಕಳೆಯುತ್ತಾರೆ. ಮನೆಗೆ ಹೋಗಿ ಸಾಮಾನು ನೋಡುವ ಪದ್ಧತಿಯೂ ಹೋಯಿತು. ಮೊಬೈಲಿನಲ್ಲಿ ಪ್ರತಿ ಕೋಣೆಯ ವಿಡಿಯೋ ಮಾಡಿ ಕಳಿಸುತ್ತಾರೆ. ಒಂದು ಮಾತು ನೆನಪಿಡಿ, ವಿಡಿಯೋದಲ್ಲಿ ಯಾರೂ ಅಟ್ಟ ತೋರಿಸುವುದಿಲ್ಲ. ಅಟ್ಟದ ಮೇಲೆ ಇನ್ನೊಂದು ಸಂಸಾರವೇ ಇರುತ್ತದೆ. ಅಟ್ಟ ಹತ್ತಿ ನೋಡದೆ ಬಾಡಿಗೆ ಮಾತಾಡಬೇಡಿ.

ಇದೆಲ್ಲಕ್ಕಿಂತ ಮುಖ್ಯವಾದದ್ದು ಪಂಚಾಂಗ. ಗಾಡಿಯ ಇಂಜಿನ್ ಬಿಚ್ಚಲು ನನಗೆ ಅಷ್ಟಾಗಿ ಬರುವುದಿಲ್ಲ, ಆದರೆ ಯಾವ ವಾರ ಯಾವ ದಿಕ್ಕಿಗೆ ಶೂಲೆ ಅಂದರೆ ನಿದ್ದೆಯಲ್ಲೂ ಹೇಳುತ್ತೇನೆ. ಮಂಗಳವಾರ, ಬುಧವಾರ ಉತ್ತರಕ್ಕೆ ಹೊರಡಬಾರದು. ಶುಕ್ರವಾರ, ಭಾನುವಾರ ಪಶ್ಚಿಮಕ್ಕೆ ಹೊರಡಬಾರದು. ಮಂಗಳವಾರವಂತೂ ಮನೆ ಬಿಡಲೇಬಾರದು. ಆಷಾಢದಲ್ಲಿ ಗಾಡಿ ತೊಳೆದು ನಿಲ್ಲಿಸಿ ಮಲಗುವುದೇ ಕೆಲಸ. ಸರ್ಕಾರದ ಆರ್ಡರು ಇದ್ಯಾವುದನ್ನೂ ನೋಡುವುದಿಲ್ಲ, ಇಂಥ ತಾರೀಖಿಗೆ ಹಾಜರಾಗು ಅನ್ನುತ್ತದೆ. ಅತ್ತ ದರಿ, ಇತ್ತ ಪುಲಿ. ನಡುವೆ ನಾನು ಮತ್ತು ನನ್ನ ಲಾರಿ.

ಇದಕ್ಕೆ ನಮ್ಮ ಹಿರಿಯರು ಒಂದು ಉಪಾಯ ಮಾಡಿದ್ದರು, ಪ್ರಸ್ಥಾನ ಇಡುವುದು. ಹೊರಡಬೇಕಾದ ದಿನ ಚೆನ್ನಾಗಿಲ್ಲದಿದ್ದರೆ, ಅದಕ್ಕಿಂತ ಮೊದಲಿನ ಒಂದು ಒಳ್ಳೆಯ ದಿನ, ಹೊರಡುವವರ ಒಂದು ಬಟ್ಟೆ, ಒಂದಿಷ್ಟು ಅಕ್ಕಿ, ತೆಂಗಿನಕಾಯಿ, ಅರಿಶಿನದ ಕೊಂಬು ಇಷ್ಟನ್ನು ಹಳದಿ ಬಟ್ಟೆಯಲ್ಲಿ ಗಂಟು ಕಟ್ಟಿ, ಹೋಗುವ ದಿಕ್ಕಿನಲ್ಲಿರುವ ಬೇರೆಯವರ ಮನೆಯಲ್ಲಿ ಇಟ್ಟು ಬರುತ್ತಾರೆ. ಶಾಸ್ತ್ರದ ಲೆಕ್ಕದಲ್ಲಿ ಅವರು ಅವತ್ತೇ ಹೊರಟರು. ಮೈ ಮಾತ್ರ ಆಮೇಲೆ ಬಿಡುವಾದಾಗ ಬಂದು ಗಂಟನ್ನು ಕೂಡಿಕೊಂಡು ಮುಂದೆ ಹೋಗುತ್ತದೆ. ಹೊಸ ಊರಿನಲ್ಲಿ ಆ ಅಕ್ಕಿಯಿಂದ ಹುಗ್ಗಿ ಮಾಡಿ ಉಣ್ಣುತ್ತಾರೆ. ನಮ್ಮ ಮನೆ ಕೊಳ್ಳೇಗಾಲದ ವಾಯವ್ಯದ ಅಂಚಿನಲ್ಲಿದೆ. ಮೈಸೂರು ಕಡೆ ಹೋಗುವವರಿಗೂ ಮಳವಳ್ಳಿ ಕಡೆ ಹೋಗುವವರಿಗೂ ಅದು ಅನುಕೂಲದ ದಿಕ್ಕು. ಹೀಗಾಗಿ ಜನ ನನ್ನ ಲಾರಿಯ ಜೊತೆಗೆ ನನ್ನ ಮನೆಯ ಗೋಡೆಯನ್ನೂ ಬಳಸಿಕೊಂಡರು. ಗಂಟುಗಳನ್ನು ನೋಡಿಕೊಳ್ಳುವುದು ನನ್ನ ಹೆಂಡತಿ ರತ್ನಮ್ಮನ ಇಲಾಖೆ.

ಈ ಇಲಾಖೆಯಲ್ಲಿ ಒಂದೇ ಒಂದು ಸಲ ಅನಾಹುತವಾಯಿತು. ಅದು ಶಾಗ್ಯದ ಶೋಭಾಳ ಮನೆ ಸಾಗಿಸಿದ ಕಥೆ. ನಾನು ಗಾಡಿ ಮಾರುವುದಕ್ಕೆ ಸ್ವಲ್ಪ ಮುಂಚೆ ನಡೆದದ್ದು.

ಶೋಭಾ ನರ್ಸಿಂಗ್ ಓದಿದ ಹೆಣ್ಣುಮಗಳು. ಮದುವೆಯಾಗಿ ಶಾಗ್ಯಕ್ಕೆ ಬಂದ ಮೇಲೂ ಪರೀಕ್ಷೆ ಬರೆಯುತ್ತಲೇ ಇದ್ದಳು, ಕೊನೆಗೆ ಮಂಗಳೂರಿನ ಸರ್ಕಾರಿ ಆಸ್ಪತ್ರೆಯೊಂದರಲ್ಲಿ ಕೆಲಸ ಸಿಕ್ಕಿತು. ಆರ್ಡರು ಕೈಗೆ ಬಂದದ್ದು ತಡವಾಗಿ. ಆ ಶನಿವಾರದೊಳಗೆ ಹಾಜರಾಗದಿದ್ದರೆ ಕೆಲಸ ಮುಂದಿನವರಿಗೆ ಹೋಗುತ್ತದೆ. ಗಂಡ ಮಹೇಶನದು ರೇಷ್ಮೆ ಸಾಕಣೆ. ಹುಳ ಪೊರೆ ಬಿಡುವ ನಾಲ್ಕನೇ ಜ್ವರದಿಂದ ಎದ್ದು ಹಗಲೂ ರಾತ್ರಿ ಸೊಪ್ಪು ಮೇಯುವ ಹೊತ್ತು, ಅವನು ಗೂಡು ಮಾರಿದ ಮೇಲೇ ಬರಬೇಕು. ಮಡಿಲಲ್ಲಿ ಇನ್ನೂ ಹಾಲು ಕುಡಿಯುವ ಮಗು. ಶೋಭಾಳಿಗೆ ತಾಯಿ ಇಲ್ಲ. ಆಕೆ ಡ್ಯೂಟಿಗೆ ಹೋದರೆ ಮಗುವನ್ನು ನೋಡಿಕೊಳ್ಳಲು ಇದ್ದವರು ಅತ್ತೆ ಗೌರಮ್ಮ ಒಬ್ಬರೇ. ಅವರು ಬಂದರೆ ಕೆಲಸ ಉಂಟು, ಬಾರದಿದ್ದರೆ ಇಲ್ಲ.

ನನಗೆ ಫೋನ್ ಮಾಡಿದ ಶೋಭಾ ಡಬ್ಬಗಳೆಷ್ಟು, ಮೂಟೆಗಳೆಷ್ಟು, ಆಸ್ಪತ್ರೆಯ ಹತ್ತಿರ ಹಿಡಿದಿರುವ ಮನೆಯ ಬಾಗಿಲೆಷ್ಟು ಅಗಲ ಅಂತೆಲ್ಲ ಗಡಗಡ ಹೇಳಿದಳು. ಅಟ್ಟವನ್ನೂ ಬಿಡಲಿಲ್ಲ. ಇಂಥ ಗಿರಾಕಿಯನ್ನು ನಾನು ಜನ್ಮದಲ್ಲಿ ಕಂಡಿರಲಿಲ್ಲ.

“ಎಲ್ಲಾ ಪ್ಲಾನ್ ಆಗದೆ ಕಣಣ್ಣ. ನಮ್ಮತ್ತೆ ಒಬ್ರು ಬಾಕಿ,” ಅಂದಳು.

ಗೌರಮ್ಮ ಬರುವುದಿಲ್ಲ ಅಂದಿದ್ದರೆ ಯಾರಾದರೂ ಕೂತು ಜಗಳವಾಡಬಹುದಿತ್ತು. ಅವರು ಹಾಗನ್ನಲೇ ಇಲ್ಲ. ಅವರು ಬರುತ್ತೇನೆ ಅನ್ನುತ್ತಿದ್ದರು, ದಿನ ಮಾತ್ರ ಬರುತ್ತಿರಲಿಲ್ಲ. ಸೋಮವಾರದೊಳಗೆ ಸಾಮಾನು ಕಟ್ಟಿ ಮುಗಿಯುವುದಿಲ್ಲ. ಮಂಗಳವಾರವಂತೂ ಹೊರಡಲೇಬಾರದು. ಬುಧವಾರ ನನ್ನ ಲಾರಿ ತುಮಕೂರಿಗೆ ಮೊದಲೇ ಬುಕ್ ಆಗಿತ್ತು. ಗುರುವಾರ ಅಮಾವಾಸ್ಯೆ. ಶುಕ್ರವಾರ ಪಶ್ಚಿಮಕ್ಕೆ ಶೂಲೆ, ಮಂಗಳೂರಿರುವುದೇ ಪಶ್ಚಿಮದಲ್ಲಿ. ಶನಿವಾರ ಅಲ್ಲಿರಲೇಬೇಕು. ಸೊಸೆ ಕ್ಯಾಲೆಂಡರ್ ಹಿಡಿದು ಕೂತರೆ ಅತ್ತೆ ಪಂಚಾಂಗ ಹಿಡಿದು ಕೂತಿದ್ದಾರೆ. ನಾನೇ ಹೋಗಿ, ಸೋಮವಾರ ಪ್ರಸ್ಥಾನ ಇಡಿ, ಶುಕ್ರವಾರ ಹೊರಡೋಣ ಅಂದೆ. ಗೌರಮ್ಮ ಬಹಳ ಹೊತ್ತು ಯೋಚಿಸಿದರು. ತಪ್ಪು ಹುಡುಕಿದರು, ಸಿಗಲಿಲ್ಲ, ಒಪ್ಪಿದರು. ನಾನು ಮೀಸೆ ತಿರುವಿಕೊಂಡು ಬಂದೆ.

ಸೋಮವಾರ ಬಸ್ಸಿನಲ್ಲಿ ಬಂದು ಅವರೇ ಕೈಯಾರೆ ಗಂಟನ್ನು ನಮ್ಮ ಗೋಡೆಯ ಬಲಗಡೆ ಮೊಳೆಗೆ ತೂಗುಹಾಕಿದರು. ಅದರಲ್ಲಿದ್ದದ್ದು ಹೊಸ ರೇಷ್ಮೆ ಸೀರೆ. ಹಿಂದಿನ ಸಲ ಗೂಡಿಗೆ ಒಳ್ಳೆಯ ಬೆಲೆ ಬಂದಾಗ ಮಗ ತಂದುಕೊಟ್ಟದ್ದು, ಇನ್ನೂ ಮಡಿಕೆ ಬಿಚ್ಚಿರಲಿಲ್ಲ.

“ಇದು ನಾನೇ ಅನ್ಕೊ ರತ್ನವ್ವ. ಉಸಾರಾಗ್ ನೋಡ್ಕೊ,” ಅಂದರು.

“ಕಾಪಿ ನಿಮ್ಗ್ ಕೊಡ್ಲಾ, ಗಂಟ್ಗ್ ಕೊಡ್ಲಾ?” ಅಂದಳು ರತ್ನಮ್ಮ. ನನ್ನ ಹೆಂಡತಿಗೆ ಗಿರಾಕಿಗಳ ಜೊತೆ ಹೇಗೆ ಮಾತಾಡಬೇಕು ಅಂತ ಕೊನೆಯವರೆಗೂ ತಿಳಿಯಲಿಲ್ಲ.

ಅದೇ ಸೋಮವಾರ ಇನ್ನೊಂದು ಗಂಟು ಬಂತು. ಬ್ಯಾಂಕಿನಲ್ಲಿದ್ದ ಪ್ರಕಾಶ್ ಅವರಿಗೆ ತುಮಕೂರಿಗೆ ವರ್ಗವಾಗಿತ್ತು, ಬುಧವಾರ ನನ್ನ ಲಾರಿ ಹಿಡಿದಿದ್ದವರು ಅವರೇ. ಬುಧವಾರ ಉತ್ತರಕ್ಕೆ ಶೂಲೆ. ಪ್ರಕಾಶ್ ಇದನ್ನೆಲ್ಲ ನಂಬುವವರಲ್ಲ, ಆದರೆ ಹೆಂಡತಿ ಸುಧಾ ಅವರನ್ನು ನಂಬುವವರು. ತಮ್ಮದೊಂದು ಪಂಚೆ ಇಟ್ಟು ಗಂಟು ಕಟ್ಟಿ ತಂದು ಎಡಗಡೆ ಮೊಳೆಗೆ ಹಾಕಿದರು. ಎರಡೂ ಹಳದಿ, ಎರಡೂ ಒಂದೇ ಗಾತ್ರ.

ಮಂಗಳವಾರ ರತ್ನಮ್ಮನಿಗೆ ಅಮಾವಾಸ್ಯೆ ಹತ್ತಿರ ಬಂತು ಅಂತ ನೆನಪಾಯಿತು. ಗಂಟು ಇಳಿಸಿ, ಗೋಡೆ ಗುಡಿಸಿ, ಬಲೆ ತೆಗೆದು, ಮತ್ತೆ ಗಂಟು ಹಾಕಿದಳು. ಬುಧವಾರ ಬೆಳಗ್ಗೆ ಪ್ರಕಾಶ್ ಅವಸರದಲ್ಲಿ ಬಂದು, ತಾವು ಹಾಕಿದ ಎಡಗಡೆ ಮೊಳೆಯಲ್ಲಿದ್ದದ್ದನ್ನು ತೆಗೆದುಕೊಂಡು ಲಾರಿ ಏರಿದರು. ನಾನು ಅವರನ್ನು ತುಮಕೂರಿಗೆ ಬಿಟ್ಟು ಬಂದೆ. ಅಲ್ಲಿ ಹಾಲೂ ಸರಿಯಾಗಿ ಉಕ್ಕಿತು.

ಶುಕ್ರವಾರ ಬೆಳಗಿನ ಜಾವಕ್ಕೆ ಶಾಗ್ಯದಲ್ಲಿ ಸಾಮಾನು ಹೇರಿದೆವು. ಶೋಭಾಳ ಲೆಕ್ಕದ ಸಾಮಾನು ಮುಗಿದ ಮೇಲೆ ಗೌರಮ್ಮನ ಸಾಮಾನು ಬರಲು ಶುರುವಾಯಿತು. ರಾಗಿ ಸರಿ, ಹುರುಳಿ ಸರಿ. ಮಂಗಳೂರಿನ ನೀರು ಉಪ್ಪಂತೆ ಅಂತ ಕ್ಯಾನಿನಲ್ಲಿ ತಮ್ಮ ಬೋರಿನ ನೀರು. ಕೊನೆಗೆ ಹಿತ್ತಲಿನಿಂದ ಕೆಲಸದವರಿಬ್ಬರು ಬಟ್ಟೆ ಒಗೆಯುವ ಕಲ್ಲನ್ನು ಹೊತ್ತು ತಂದರು.

“ಅಕ್ಕ, ಮಂಗ್ಳೂರಲ್ಲಿ ಕಲ್ಲು ಸಿಕ್ಕಾಕಿಲ್ವಾ?” ಅಂದೆ.

“ಸಿಕ್ತದೆ. ನಮ್ಮನೆ ಕಲ್ಲು ಸಿಕ್ದಾ?” ಅಂದರು.

ಕಲ್ಲೂ ಏರಿತು. ಕೆಲಸದವರು ಹಿಂದೆ ಹಾಸಿಗೆಗಳ ಮೇಲೆ, ಮುಂದೆ ನನ್ನ ಪಕ್ಕದಲ್ಲಿ ಗೌರಮ್ಮ, ಅವರ ಆಚೆ ಮಗುವನ್ನೆತ್ತಿಕೊಂಡು ಶೋಭಾ. ಮಹೇಶ ಸೊಪ್ಪಿನ ಬುಟ್ಟಿ ಹಿಡಿದುಕೊಂಡೇ ಬಂದು ಕೈಬೀಸಿದ. ಗಂಟು ತೆಗೆದುಕೊಳ್ಳಲು ಕೊಳ್ಳೇಗಾಲದ ನಮ್ಮ ಮನೆ ಮುಂದೆ ನಿಲ್ಲಿಸಿದೆ.

ರತ್ನಮ್ಮ ಗಂಟನ್ನು ತಟ್ಟೆಯಲ್ಲಿಟ್ಟು ತಂದಳು. ಗೌರಮ್ಮ ಜಗಲಿಯ ಮೇಲೆ ಕೂತು, ಸೀರೆಯನ್ನು ಕಣ್ಣಿಗೊತ್ತಿಕೊಂಡು ಹೊರಡೋಣ ಅಂತ ಗಂಟು ಬಿಚ್ಚಿದರು. ಜರಿ ಅಂಚಿನ ಗಂಡಸರ ಪಂಚೆ ಹೊರಬಂತು.

“ಇದ್ಯಾರ್ದವ್ವ ಪಂಚೆ? ನಾನು ಯಾರ್ ಜೊತೀಲಿ ಓಗ್ಬೇಕು ಅಂತ ಮಾಡಿದ್ದೀರಿ?” ಅಂದರು.

ರತ್ನಮ್ಮ ಗೋಡೆ ನೋಡಿದಳು, ಎಡದ ಮೊಳೆ ನೋಡಿದಳು, ಬಲದ ಮೊಳೆ ನೋಡಿದಳು, ಕೊನೆಗೆ ನನ್ನನ್ನು ನೋಡಿದಳು. ಮೂವತ್ತು ವರ್ಷ ಸಂಸಾರ ಮಾಡಿದವನಿಗೆ ಆ ನೋಟ ಸಾಕು. “ಅಕ್ಕ, ನಿಮ್ ಗಂಟು ತುಮ್ಕೂರ್ಗೆ ಓಗದೆ,” ಅಂದೆ.

ಗೌರಮ್ಮ ಎರಡು ಕೈಯನ್ನೂ ತಲೆಯ ಮೇಲಿಟ್ಟುಕೊಂಡರು. “ಅಯ್ಯೋ ಸಿವ್ನೆ, ಅಂದ್ರೆ ನಾನು ತುಮ್ಕೂರ್ಗ್ ಒಂಟೋಗಿವ್ನಿ!”

“ಇಲ್ಲೇ ಕುಂತಿದ್ದೀರಲ್ಲ ಅಕ್ಕ.”

“ಇದು ಬರೀ ಮೈ ಕಣಪ್ಪ. ನಾನು ಬುದ್ವಾರವೇ ಒಂಟೋದೆ. ಅದೂ ಸೂಲೆ ಇರೋ ದಿಕ್ಕಿಗೆ, ಅದ್ಯಾರೋ ಗಂಡಸ್ನ ಜೊತೆ! ಈಗ ಇಲ್ಲಿಂದ ಮಂಗ್ಳೂರ್ಗೆ ಯಾರು ಓಗೋದು?”

ರತ್ನಮ್ಮ ತನ್ನ ಸೀರೆ ಕೊಡುತ್ತೇನೆ, ಅಕ್ಕಿ ಅಳೆದುಕೊಡುತ್ತೇನೆ, ಹೊಸದಾಗಿ ಗಂಟು ಕಟ್ಟಿ ಅಂದಳು. ಶುಕ್ರವಾರ ಪಡುವಣಕ್ಕೆ ಹೊಸದಾಗಿ ಹೊರಡುವುದಾದರೆ ಪ್ರಸ್ಥಾನ ಯಾಕೆ ಬೇಕಿತ್ತು ಅಂದರು ಗೌರಮ್ಮ. ಅದೂ ನ್ಯಾಯವೇ. ಶೋಭಾ ಮೊಬೈಲಿನಲ್ಲಿ ದಾರಿ ನೋಡುತ್ತಿದ್ದಳು. “ಅಣ್ಣ, ತುಮಕೂರಿನ ಮೇಲೆ ಮಂಗ್ಳೂರ್ಗೆ ಓಗ್ಬೋದಾ?” ಅಂತ ಕೇಳಿದಳು.

“ಡೀಸೆಲ್ ಇದ್ರೆ ಕಾಸಿ ಮೇಲೂ ಓಗ್ಬೋದು ಕಣವ್ವ.”

ಪ್ರಕಾಶ್ ಅವರಿಗೆ ಫೋನ್ ಮಾಡಿದೆ. ನಿದ್ದೆಗಣ್ಣಿನಲ್ಲಿ, “ಗಂಟಾ? ದೇವರ ಮುಂದೆ ಹಾಗೇ ಇದೆ ಮಾದೇಶಣ್ಣ, ಬನ್ನಿ,” ಅಂದರು. ಗ್ರಹಚಾರಕ್ಕೆ ಒಂದು ಅನುಕೂಲವೂ ಇತ್ತು. ಶುಕ್ರವಾರ ಉತ್ತರಕ್ಕೆ ಯಾವ ದೋಷವೂ ಇಲ್ಲ. ಗೌರಮ್ಮನ ಮೈ ತುಮಕೂರಿಗೆ ಹೋಗಿ, ಮೊದಲೇ ಹೋಗಿದ್ದ ಗೌರಮ್ಮನನ್ನು ಕೂಡಿಕೊಂಡು, ಆಮೇಲೆ ಇಬ್ಬರೂ ಒಟ್ಟಿಗೆ ಮಂಗಳೂರಿಗೆ ಹೋಗುವುದು ಅಂತ ತೀರ್ಮಾನವಾಯಿತು. ನಾನು ಲಾರಿಯನ್ನು ಮಳವಳ್ಳಿ ದಾರಿಗೆ ತಿರುಗಿಸಿದೆ.

ಕಾವೇರಿ ಸೇತುವೆಯ ಮೇಲೆ ಗೌರಮ್ಮ ಕೈಮುಗಿದರು. ಮದ್ದೂರು ದಾಟಿದ ಮೇಲೆ, “ಮಂಗ್ಳೂರಲ್ಲಿ ಮುದ್ದೆ ಉಣ್ತಾರಾ?” ಅಂದರು.

“ಇಲ್ಲ ಅಕ್ಕ. ಕೆಂಪಕ್ಕಿ ಅನ್ನ, ಗಂಜಿ.”

“ದಿನಾಲೂವಾ?”

“ದಿನಾಲೂ.”

“ಮತ್ತೆ ಎಂಗ್ ಬದುಕವ್ರೆ?”

ನನಗೆ ನಗು ಬಂತು. ಅವರು ನಗಲಿಲ್ಲ. ಸೊಸೆಗೆ ಕೇಳಿಸಬಾರದು ಅಂತ ನನ್ನ ಕಡೆ ಬಾಗಿ, ಇಡೀ ಕ್ಯಾಬಿನ್ನಿಗೆ ಕೇಳಿಸುವಷ್ಟು ಮೆಲ್ಲಗೆ ಹೇಳಿದರು. “ನಂಗ್ ಬಯ ಆಯ್ತದೆ ಕಣ್ ಮಾದೇಸ. ಅಲ್ಲಿ ಮಾತೇ ಬ್ಯಾರೆಯಂತೆ. ಇವ್ಳು ಡೂಟೀಲಿರ್ವಾಗ ಮಗೀಗೆ ಜ್ವರ ಬಂತು ಅನ್ಕೊ. ನಾನು ಬೀದೀಲಿ ನಿಂತ್ಕಂಡು ಯಾರ್ನ ಏನಂತ ಕರೀಲಿ?”

ಪಂಚಾಂಗದ ಹಿಂದೆ ಕೂತಿದ್ದದ್ದು ಇದು ಅಂತ ನನಗೆ ಆಗ ಗೊತ್ತಾಯಿತು. ಪಾಪ ಅನ್ನಿಸಿತು. ಧೈರ್ಯ ಹೇಳೋಣ ಅಂದರೆ, ಮಂಗಳೂರಿನಲ್ಲಿ ಯಾರನ್ನು ಏನಂತ ಕರೆಯಬೇಕು ಅಂತ ನನಗೂ ಗೊತ್ತಿರಲಿಲ್ಲ. ಶೋಭಾ ಕಿಟಕಿಯಾಚೆ ನೋಡುತ್ತಾ ಮಗುವಿನ ಬೆನ್ನು ತಟ್ಟುತ್ತಿದ್ದಳು.

ತುಮಕೂರಿನಲ್ಲಿ ಪ್ರಕಾಶ್ ಅವರ ಮನೆಯ ಬಾಗಿಲು ತೆರೆದವರು ಸುಧಾ. ಅವರು ಉಟ್ಟಿದ್ದದ್ದು ಗೌರಮ್ಮನ ಸೀರೆ.

ಹೆಂಡತಿಯ ಹಿಂದೆ ಬ್ಯಾಂಕಿನ ಬ್ಯಾಗು ಹಿಡಿದು ನಿಂತಿದ್ದ ಪ್ರಕಾಶ್ ನನಗೆ ಕಣ್ಣಿನಲ್ಲೇ ಕೈಮುಗಿದರು. ಸುಧಾ ಅವರಿಗೆ ಸಂತೋಷ ಹಿಡಿಸಲಾರದಷ್ಟು ಆಗಿತ್ತು. ಯಾಕೆ ಬಂದಿರಿ ಅಂತಲೂ ಕೇಳದೆ ನಮ್ಮನ್ನು ಒಳಗೆ ಕೂರಿಸಿದರು.

“ನೋಡೀಮ್ಮಾ, ಮದುವೆಯಾಗಿ ಇಷ್ಟು ವರ್ಷದಲ್ಲಿ ಇವರು ಕೇಳದೆ ಒಂದು ಕರವಸ್ತ್ರ ತಂದವರಲ್ಲ. ಬೆಳಗ್ಗೆ ಗಂಟು ಬಿಚ್ಚಿದರೆ ಪಂಚೆ ಬದಲಿಗೆ ರೇಷ್ಮೆ ಸೀರೆ! ನನಗೆ ಗೊತ್ತಾಗದ ಹಾಗೆ ಬಚ್ಚಿಟ್ಟಿದ್ದಾರೆ. ಊರು ಬಿಡುವುದಕ್ಕೆ ಬೇಜಾರಾಗಿತ್ತಲ್ಲ ನನಗೆ, ಅದಕ್ಕೇ ಇರಬೇಕು,” ಅಂತ ಗೌರಮ್ಮನಿಗೆ ಸೆರಗು ತೋರಿಸಿದರು. ಹೇಳುತ್ತಾ ಅವರ ಕಣ್ಣು ತುಂಬಿತು.

ಶೋಭಾ ಅತ್ತೆಯ ಮುಖವನ್ನೇ ನೋಡುತ್ತಿದ್ದಳು. ಗೌರಮ್ಮ ಸೆರಗನ್ನು ಕೈಗೆ ತೆಗೆದುಕೊಂಡು ಜರಿಯ ಮೇಲೆ ಬೆರಳಾಡಿಸಿದರು. ಮಗ ತಂದ ಸೀರೆ, ಇನ್ನೂ ಒಂದು ಸಲವೂ ಉಟ್ಟಿಲ್ಲ.

“ಒಳ್ಳೆ ಸೀರೆ ಕಣವ್ವ. ನಿನ್ ಮೈಬಣ್ಣಕ್ಕೆ ಒಪ್ಪದೆ. ನಿನ್ ಗಂಡ ಒಳ್ಳೇದ್ನೇ ಆರ್ಸವ್ನೆ,” ಅಂದರು.

ಪ್ರಕಾಶ್ ನನ್ನನ್ನು ಗೇಟಿನ ಹತ್ತಿರಕ್ಕೆ ಎಳೆದುಕೊಂಡು ಹೋದರು. ನನ್ನ ಫೋನು ಇಟ್ಟು ಮತ್ತೆ ಮಲಗಿಬಿಟ್ಟರಂತೆ. ಎದ್ದು ನೋಡುವಷ್ಟರಲ್ಲಿ ಸುಧಾ ಸೀರೆ ಉಟ್ಟು ಕನ್ನಡಿಯ ಮುಂದೆ ನಿಂತಿದ್ದರಂತೆ. “ಮಾದೇಶಣ್ಣ, ಅವಳು ನನ್ನ ಕಾಲಿಗೆ ಬಿದ್ದಳು. ಆಮೇಲೆ ಹೇಗೆ ಹೇಳಲಿ?” ಅಂದರು. ಅವರ ಪಂಚೆ, ಕಾಯಿ, ಅಕ್ಕಿಯ ಗಂಟು ಲಾರಿಯಲ್ಲಿತ್ತು. ಮನೆಯೊಳಗೆ ತರುವಂತಿಲ್ಲ. ಬ್ಯಾಂಕಿನ ಬ್ಯಾಗಿಗೇ ತುರುಕಿಕೊಂಡರು. ಹೊಸ ಊರಿನ ಆಫೀಸಿಗೆ ಎರಡನೆಯ ದಿನವೇ ತೆಂಗಿನಕಾಯಿ ಹೊತ್ತು ಹೋದ ಅಧಿಕಾರಿ ಅವರೊಬ್ಬರೇ ಇರಬೇಕು.

ನಾನು ಒಳಗೆ ಬಂದಾಗ ಸುಧಾ ತಟ್ಟೆ ಹಾಕಿದ್ದರು. ಪ್ರಸ್ಥಾನದ ಅಕ್ಕಿಯಲ್ಲಿ ಹುಗ್ಗಿ ಆಗಿತ್ತು. ಮಂಗಳೂರಿನಲ್ಲಿ ಬೇಯಬೇಕಾದ ಅಕ್ಕಿ ತುಮಕೂರಿನಲ್ಲಿ ಬೆಂದಿತ್ತು. ಗೌರಮ್ಮ ತಮ್ಮ ಅಕ್ಕಿಯನ್ನು ತಾವೇ ಉಂಡರು, ಚೆನ್ನಾಗಿದೆ ಅಂದರು, ಇನ್ನೊಂದು ಸೌಟು ಹಾಕಿಸಿಕೊಂಡರು. ಆಗ ಸುಧಾ ಅವರಿಗೆ ಏನೋ ಹೊಳೆದು, “ಅಲ್ಲ, ಮಂಗಳೂರಿಗೆ ತುಮಕೂರಿನ ಮೇಲೆ ಯಾಕೆ ಬಂದಿರಿ?” ಅಂದರು.

“ರಸ್ತೆ ಚೆನ್ನಾಗದೆ,” ಅಂದೆ. ನನ್ನ ವೃತ್ತಿಜೀವನದಲ್ಲಿ ಅಷ್ಟು ದೊಡ್ಡ ಸುಳ್ಳು ಇನ್ನೊಂದು ಹೇಳಿಲ್ಲ.

ಸುಧಾ ಅವರಿಗೆ ಹೇಳಿ ಹೊರಗೆ ಬಂದೆವು. ಗೌರಮ್ಮ ಲಾರಿ ಏರಲಿಲ್ಲ. ಪಕ್ಕದ ಖಾಲಿ ಸೈಟಿನ ಕಲ್ಲಿನ ಮೇಲೆ ಕೂತರು. ಸೀರೆ ಹೋಯಿತು, ಅಕ್ಕಿ ಹೊಟ್ಟೆಗೆ ಹೋಯಿತು. ಕೂಡಿಕೊಳ್ಳಲು ಇನ್ನೇನೂ ಉಳಿದಿರಲಿಲ್ಲ. “ಈಗ ಏನ್ ಮಾಡದು?” ಅಂದರು. ಬಿಸಿಲು ಏರುತ್ತಿತ್ತು. ಮಂಗಳೂರು ಇನ್ನೂ ಒಂದು ಇಡೀ ಹಗಲಿನ ದಾರಿ, ನಡುವೆ ಘಾಟಿ ಬೇರೆ. ನಾನು ಟೈರು ಒದ್ದು ನೋಡಿದೆ, ಹಗ್ಗ ಎಳೆದು ನೋಡಿದೆ. ಇಂಥ ಹೊತ್ತಿನಲ್ಲಿ ಡ್ರೈವರು ಮಾಡಬಹುದಾದದ್ದು ಅಷ್ಟೇ.

ಶೋಭಾ ಆಗ ಬಂದು ಅತ್ತೆಯ ಮುಂದೆ ನಿಂತಳು. ಅತ್ತಿದ್ದರೆ ಚೆನ್ನಾಗಿತ್ತು, ಅವಳು ಅಳಲಿಲ್ಲ.

“ಸಾಕು ಬುಡಿ ಅತ್ತೆ. ನಿಮ್ಗ್ ಇಷ್ಟ ಇಲ್ದಿದ್ದ ಮೇಲೆ ಎಳ್ಕಂಡ್ ಓಗಾಕ್ ಆಗ್ದು. ನಾನೂ ಓಗಾಕಿಲ್ಲ. ಕೆಲ್ಸ ಬ್ಯಾಡ ಅಂತ ಬರ್ದು ಕಳುಸ್ಬುಡ್ತೀನಿ. ಮಾದೇಸಣ್ಣ, ಗಾಡಿ ತಿರುಗ್ಸಿ.”

“ಎಲ್ಲೀಗೆ?” ಅಂದರು ಗೌರಮ್ಮ.

“ಶಾಗ್ಯಕ್ಕೆ.”

ಗೌರಮ್ಮ ಸೊಸೆಯನ್ನು ತಲೆಯೆತ್ತಿ ನೋಡಿದರು.

“ನಂಗೊಂದ್ ಕೆಲ್ಸ ಬಂದಿತ್ತು, ಗೊತ್ತಾ ನಿಂಗೆ?” ಅಂದರು. “ರಾಮಾಪುರದ ಅಂಗನವಾಡೀಲಿ. ಏಳ್ನೇ ಕ್ಲಾಸ್ ಪಾಸ್ ಮಾಡಿದ್ದೆ ನಾನು. ಅವ್ರೇ ಮನೆಗಂಟ ಬಂದು ಕರೆದ್ರು. ನಿನ್ ಗಂಡ ಆಗ ಈ ಮಗೀನಂಗೆ ಇಷ್ಟುದ್ದ ಇದ್ದ. ಅವನ್ನ ಯಾರಾದ್ರೂ ಇಡ್ಕಂಡಿದ್ರೆ ಸಾಕಾಗಿತ್ತು.”

“ಮತ್ತೆ?”

“ನಮ್ಮತ್ತೆ ಬ್ಯಾಡ ಅಂತ ಬಾಯ್ಬುಟ್ಟು ಅನ್ನಿಲ್ಲ ಕಣವ್ವ. ಇವತ್ತು ದಿನ ಸರ್ಯಾಗಿಲ್ಲ ಅಂದ್ರು. ನಾಳೀಕೆ ಅಂದ್ರು. ಅಮಾಸೆ ಕಳೀಲಿ ಅಂದ್ರು. ಅಷ್ಟೊತ್ಗೆ ಆ ಕೆಲ್ಸ ಇನ್ನೊಬ್ಳಿಗ್ ಓಯ್ತು. ಅವ್ಳು ದಿನಾ ಬೆಳಗ್ಗೆ ಬಸ್ ಅತ್ತೋದ್ನ ನಾನು ಒಲದಲ್ಲಿ ನಿಂತ್ಕಂಡ್ ನೋಡ್ತಿದ್ದೆ.”

ಇಷ್ಟು ಹೇಳಿ ಗೌರಮ್ಮ ಕಲ್ಲಿನಿಂದ ಎದ್ದರು. ಸೀರೆಯ ಮಣ್ಣು ಕೊಡವಿಕೊಂಡರು. ಯಾರ ಕೈಯೂ ಹಿಡಿಯದೆ, ಮಂಡಿಯ ಮೇಲೆ ಕೈಯೂರಿಕೊಂಡು ಲಾರಿ ಏರಿ ತಮ್ಮ ಜಾಗದಲ್ಲಿ ಕೂತರು. ಶೋಭಾ ಮಗುವನ್ನೆತ್ತಿಕೊಂಡು ಅವರ ಪಕ್ಕದಲ್ಲಿ ಕೂತಳು. ನಾನು ನನ್ನ ಸೀಟಿಗೆ ಬಂದು ಗಡಿಯಾರ ನೋಡಿದೆ. ಶುಕ್ರವಾರ, ಹನ್ನೊಂದು ಗಂಟೆ. ಅಭ್ಯಾಸಬಲ, ಬೀಗದ ಕೈಯನ್ನು ಹಾಗೇ ಹಿಡಿದುಕೊಂಡು ಕೂತೆ.

“ರಾವುಕಾಲ ಅಂತ ನಂಗೂ ಗೊತ್ತು ಕಣಪ್ಪ. ಬುಡು ಗಾಡಿಯ,” ಅಂದರು ಗೌರಮ್ಮ.

ಬಿಟ್ಟೆ. ಊರು ದಾಟಿ ತಿಪಟೂರು ರಸ್ತೆಗೆ ಬಂದ ಮೇಲೆ ಅವರು ಸೊಸೆಯ ಕಡೆ ಕೈ ಚಾಚಿದರು.

“ಕೊಡಿಲ್ಲಿ ಮಗೀನ. ನೀನು ಒಸಿ ಒರಗ್ಕೊ. ನಾಳೀಕೆ ಡೂಟಿ ಅದೆ ನಿಂಗೆ.”